ನಲವತ್ತೊಂಬತ್ತು ಸಲ ಹೇಳಿದ ಮಾತು

ಜನವರಿ 19, 2025, ಭಾನುವಾರ

ಮತ್ತೆ ಅನ್ನ ಬೇಯಲಿಲ್ಲ. ಕೊಚ್ಚಿಗೆ ಬಂದು ಎರಡು ವರ್ಷ, ಈ ಕೆಂಪು ಮಟ್ಟ ಅಕ್ಕಿಗೆ ಎಷ್ಟು ವಿಶಲ್ ಬೇಕು ಅಂತ ಇನ್ನೂ ಗೊತ್ತಾಗಿಲ್ಲ. ದೊಡ್ಡಮ್ಮ ತಟ್ಟೆ ನೋಡಿ, "ಇದೇನು ಅನ್ನವಾ, ಉಳ್ಳಿಕಾಳಾ?" ಅಂದಳು. ಡಾಕ್ಟರಿಗೆ ಮೊಣಕಾಲು ತೋರಿಸಲು ಮೈಸೂರಿನಿಂದ ಬಂದು ಹದಿನೈದು ದಿನ. ಬಂದಾಗಿನಿಂದ ನನ್ನ ಅಡುಗೆ, ನನ್ನ ಕೂದಲು, ಭಾನುವಾರ ಚರ್ಚಿನ ಪೂಜೆಗೆ ಹೋಗದಿರುವುದು - ಎಲ್ಲದಕ್ಕೂ ಒಂದೊಂದು ಮಾತು. ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು. ಶಾಲೆಯಲ್ಲಿ ಆಯಾ ಕೆಲಸ ಮಾಡಿ ನನ್ನನ್ನು ಇಂಜಿನಿಯರ್ ಮಾಡಿದವಳು. ಅನ್ನಿಸಿಕೊಳ್ಳಬೇಕು, ಬೇರೆ ದಾರಿಯಿಲ್ಲ.

ಊಟದ ಹೊತ್ತಿಗೆ ರೂಮ್‌ಮೇಟ್ ಸುಮಯ್ಯಾ ಪೇಪರ್ ಹರಡಿಕೊಂಡು ಕೂತಿದ್ದಳು. ಕಾಸರಗೋಡಿನವಳು, ಮಲಯಾಳಂ ಓದಿ ಕನ್ನಡದಲ್ಲಿ ಹೇಳುವುದು ಅವಳಿಗೆ ಚಟ. ಇವತ್ತು ಒಂದು ಸರ್ಕಾರಿ ಪ್ರಕಟಣೆ. ಸರ್ಕಾರದ ಅನುದಾನದಲ್ಲಿ ನಡೆಯುತ್ತಿದ್ದ ಹಳೆಯ ಅನಾಥಾಲಯ, ಬೋರ್ಡಿಂಗ್‌ಗಳಲ್ಲಿ ಮಕ್ಕಳಿಗೆ ಆದ ಅನ್ಯಾಯದ ಬಗ್ಗೆ ವಿಚಾರಣೆಗೆ ಒಂದು ಸಮಿತಿ. ಆಗ ಅಲ್ಲಿದ್ದವರು ಅರ್ಜಿ ಕೊಡಬಹುದು. ಫೆಬ್ರವರಿ 15 ಕೊನೆ.

"ಯಾವ ಊರು ಬೋರ್ಡಿಂಗು?" ಅಂತ ದೊಡ್ಡಮ್ಮ ಕೇಳಿದಳು.

"ಎಲ್ಲ ಊರುದ್ದೂ ಉಂಟು ಆಂಟಿ. ತಿರುವನಂತಪುರದ್ದೂ."

ದೊಡ್ಡಮ್ಮ ಎದ್ದು ಹೋಗಿ ತೊಳೆದಿಟ್ಟಿದ್ದ ಬಾಣಲೆಯನ್ನೇ ಮತ್ತೆ ತೊಳೆದಳು. ನಾನು ಮೊಬೈಲ್ ನೋಡುತ್ತಿದ್ದೆ. ಈಗ ಬರೆಯುವಾಗ ನೆನಪಾಯಿತು.

ಜನವರಿ 22, ಬುಧವಾರ. ಸಂಜೆ 7

ವರ್ಕ್ ಫ್ರಮ್ ಹೋಮ್. ಮಧ್ಯಾಹ್ನ ದೊಡ್ಡಮ್ಮ ಬಂದು ನನ್ನ ಲ್ಯಾಪ್‌ಟಾಪ್ ಮುಚ್ಚಿದಳು. ಕೇಳದೆ. "ಬರ್ಕೊ" ಅಂದಳು.

ಹೇಳಿದ್ದನ್ನು ಇಲ್ಲೂ ಇಡುತ್ತೇನೆ. ಇಲ್ಲದಿದ್ದರೆ ನಾಳೆ ನನಗೇ ಇದು ನಿಜವಲ್ಲ ಅನ್ನಿಸಬಹುದು.

1974. ಕನಕಪುರದ ಕಡೆ ನಮ್ಮ ಹಳ್ಳಿಗೆ ಸಿಸ್ಟರುಗಳು ಬಂದು, ಓದಿಸುತ್ತೇವೆ ಅಂತ ಇಬ್ಬರು ಹುಡುಗಿಯರನ್ನು ತಿರುವನಂತಪುರದ ಬೋರ್ಡಿಂಗಿಗೆ ಕರಕೊಂಡು ಹೋದರು. ದೊಡ್ಡಮ್ಮನಿಗೆ ಹದಿಮೂರು. ಇನ್ನೊಬ್ಬಳು ಪ್ರೇಮ, ಏಳು ವರ್ಷ. ರೈಲು ಹತ್ತುವಾಗ ಪ್ರೇಮಳ ಅವ್ವ ಮಗಳ ಕೈಯನ್ನು ದೊಡ್ಡಮ್ಮನ ಕೈಯಲ್ಲಿಟ್ಟು, "ಲೂರ್ದು, ನೀನೇ ನೋಡ್ಕಬೇಕು ಕನವ್ವ" ಅಂದಳಂತೆ.

ಆ ನವೆಂಬರ್‌ನಲ್ಲಿ ಪ್ರೇಮಳಿಗೆ ಜ್ವರ. ಮೈತುಂಬ ಗುಳ್ಳೆ. ಮಾರನೆಯ ದಿನವೇ ಸರ್ಕಾರದ ಇನ್‌ಸ್ಪೆಕ್ಷನ್. ಕಾಯಿಲೆ ಮಗು ಕಣ್ಣಿಗೆ ಬಿದ್ದರೆ ಗ್ರಾಂಟು ನಿಲ್ಲುತ್ತದೆ. ದೊಡ್ಡ ಸಿಸ್ಟರ್ ಹೇಳಿದರು - ಹಿಂದಿನ ಸೌದೆ ಕೋಣೆಯಲ್ಲಿ ಮಲಗಿಸು, ಬೀಗ ಹಾಕು, ನಾನು ಹೇಳುವ ತನಕ ತೆಗೆಯಬೇಡ. ಬೀಗದಕೈ ದೊಡ್ಡಮ್ಮನ ಲಂಗದ ಗಂಟಿನಲ್ಲಿ.

ಆಫೀಸರ್ ಬಂದ. ಊಟ ಮಾಡಿದ. ಹಿಂದುಗಡೆಯಿಂದ ಅಳು ಕೇಳಿಸಿತು. ಏನದು ಅಂದ. ಬೆಕ್ಕು ಅಂದರು ಸಿಸ್ಟರ್. ಆತ ಬಾಗಿಲ ಬಳಿ ನಿಂತಿದ್ದ ದೊಡ್ಡಮ್ಮನ ಕಡೆ ತಿರುಗಿ ನಗುತ್ತಾ, "ಪೂಚ್ಚಯಾಣೋ ಮೋಳೇ?" ಅಂದ. ಬೆಕ್ಕೇನಮ್ಮಾ ಅಂತ. ದೊಡ್ಡಮ್ಮ ತಲೆ ಆಡಿಸಿದಳು. ಆತ ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ಹೋದ.

ಆಮೇಲೆ ಸಿಸ್ಟರ್ ತೆಗಿ ಅಂತ ಹೇಳಲೇ ಇಲ್ಲ. ಮರೆತರೋ ಏನೋ. ಸಂಜೆ ಜಪ, ಊಟ, ದೀಪ ಆರಿಸಿದರು. ಹೇಳದೆ ತೆಗೆಯಲು ಹೆದರಿಕೆ. ಬೆಳಿಗ್ಗೆ ಒಲೆಗೆ ಸೌದೆ ಬೇಕಾಯಿತು. ಆಗ ಬಾಗಿಲು ತೆಗೆದಳು.

"ಬಾಗ್ಲತ್ರಾನೇ ಇತ್ತು ಕನ ಮಗ, ಕೂಸು." ಅಷ್ಟೇ ಹೇಳಿದಳು.

ಹಲಸಿನ ಮರದ ಹತ್ತಿರ ಹೂತರು. ಊರಿಗೆ ಹೇಳಿದ್ದು - ಪ್ರೇಮ ಉತ್ತರದ ಕಡೆಯ ಸಿಸ್ಟರುಗಳ ಮಠಕ್ಕೆ ಹೋಗಿದ್ದಾಳೆ, ಪತ್ರ ಬರೆಯುವ ಹಾಗಿಲ್ಲ. ಅವ್ವ ಸಾಯುವ ತನಕ ಪತ್ರಕ್ಕೆ ಕಾದಳು. ಪ್ರೇಮಳ ತಮ್ಮ ಜಯಣ್ಣ ಈಗಲೂ ಊರಲ್ಲಿದ್ದಾನೆ. ನಾನು ಅವನ ಅಂಗಡಿಯಲ್ಲಿ ಪೆಪ್ಪರ್‌ಮೆಂಟು ತಿಂದಿದ್ದೇನೆ. "ನಮ್ಮಕ್ಕ ದೊಡ್ಡ ಮದರ್ ಆಗವ್ಳೆ" ಅಂತ ಅವನು ಹೇಳುತ್ತಿದ್ದದ್ದು ನನಗೆ ನೆನಪಿದೆ. ಆಗ ದೊಡ್ಡಮ್ಮ ಪಕ್ಕದಲ್ಲೇ ಇರುತ್ತಿದ್ದಳು.

ಇಪ್ಪತ್ತೊಂಬತ್ತು ವರ್ಷ ಇವಳ ಕೈಯಲ್ಲಿ ಊಟ ಮಾಡಿದ್ದೇನೆ. ಒಂದು ದಿನವೂ ಗೊತ್ತಾಗಲಿಲ್ಲ. ಅಳು ಬಂತು. ಅವಳು ಅಳಲಿಲ್ಲ, ಎದ್ದು ಟೀ ಇಟ್ಟಳು.

ಜನವರಿ 26, ಭಾನುವಾರ

ಫಾರಂ ತುಂಬಿದೆವು. ಸುಮಯ್ಯಾ ಮಲಯಾಳಂ, ನಾನು ಇಂಗ್ಲಿಷ್. ಕೊನೆಯ ಕಾಲಂ - ನಿಮ್ಮ ಬೇಡಿಕೆ ಏನು? ಪರಿಹಾರ ಅಂತ ಬರೆಯಲು ಹೋದರೆ ದೊಡ್ಡಮ್ಮ ಪೆನ್ನು ಹಿಡಿದಳು.

"ಪ್ರೇಮ ಎಲ್ಲೂ ವೋಗಿಲ್ಲ, ಅಲ್ಲೇ ಸತ್ತೋದ್ಲು ಅಂತ ಬರೀಬೇಕು ಅವ್ರು. ಬೀಗ ಆಕು ಅಂದಿದ್ದು ಯಾರು ಅಂತಾನೂ ಬರೀಬೇಕು. ಸರ್ಕಾರನೂ ಬರೀಬೇಕು, ಮಠದೋರೂ ಬರೀಬೇಕು. ಜಯಣ್ಣಂಗೆ ಆ ಹಾಳೆ ಕಳಿಸ್ಬೇಕು. ನಾನಾಗಿ ಬಾಯಲ್ಲಿ ಯೋಳಾಕೆ ನನ್ಕೈಲಿ ಆಗಾಕಿಲ್ಲ."

ಹಾಗೇ ಬರೆದೆವು.

ಫೆಬ್ರವರಿ 7, ಶುಕ್ರವಾರ. ರೈಲಿನಲ್ಲಿ

ಹಳೆಯ ದಾಖಲೆ ಕೇಳಲು ರಜೆ ಹಾಕಿ ನಾನೂ ದೊಡ್ಡಮ್ಮನೂ ತಿರುವನಂತಪುರಕ್ಕೆ ಹೋಗಿ ಬರುತ್ತಿದ್ದೇವೆ. ಬರಹ ಕುಲುಕುತ್ತಿದೆ.

ಇಲಾಖೆ: 1985ಕ್ಕಿಂತ ಹಿಂದಿನ ಫೈಲುಗಳನ್ನು ನಿಯಮದ ಪ್ರಕಾರ ನಾಶ ಮಾಡಲಾಗಿದೆ. ನಾಶ ಮಾಡಿದ್ದಕ್ಕೆ ಫೈಲ್ ಇದೆಯಂತೆ. ತೋರಿಸಿದರು. ಬಿಷಪ್ ಆಫೀಸು: ಆ ಬೋರ್ಡಿಂಗ್ ಸಿಸ್ಟರುಗಳ ಮಠದ್ದು, ನಮ್ಮದಲ್ಲ. ಮಠ: ಆಗ ಮಕ್ಕಳ ಲೆಕ್ಕವೆಲ್ಲ ಇಲಾಖೆಗೆ ಹೋಗುತ್ತಿತ್ತು, ಅಲ್ಲಿ ಕೇಳಿ. ಎಲ್ಲರೂ ಕುರ್ಚಿ ಕೊಟ್ಟರು, ನೀರು ಕೊಟ್ಟರು, "ಅಮ್ಮಚ್ಚಿ" ಅಂತ ಕರೆದರು. ಜಗಳ ಆಡೋಣ ಅಂದರೆ ಯಾರೂ ಸಿಗಲಿಲ್ಲ.

ಬೋರ್ಡಿಂಗ್ ಇದ್ದ ಜಾಗದಲ್ಲಿ ಈಗ ದೊಡ್ಡ ಸ್ಕೂಲು. ಗೇಟಿನಲ್ಲಿ ತಡೆದರು. ಮಗಳಿಗೆ ಯುಕೆಜಿ ಸೀಟು ಬೇಕು ಅಂದೆ. ಮದುವೆಯೇ ಇಲ್ಲ, ಮಗಳು. ದೊಡ್ಡಮ್ಮ ನನ್ನನ್ನು ದುರುಗುಟ್ಟಿ ನೋಡಿದಳು, ಆದರೂ ಅಜ್ಜಿಯ ಹಾಗೆ ಹಿಂದೆ ಬಂದಳು. ಹಲಸಿನ ಮರ ಇಲ್ಲ. ಸೌದೆ ಕೋಣೆ ಇಲ್ಲ. ಆ ಕಡೆ ಸ್ಕೂಲ್ ಬಸ್ಸುಗಳ ಶೆಡ್ಡು, ಕೆಳಗೆ ಕಾಂಕ್ರೀಟು. ದೊಡ್ಡಮ್ಮ ಹೆಜ್ಜೆ ಲೆಕ್ಕ ಹಾಕುತ್ತಾ ಹೋಗಿ ಮೂರನೇ ಬಸ್ಸಿನ ಹತ್ತಿರ ನಿಂತು ಶಿಲುಬೆ ಗುರುತು ಹಾಕಿಕೊಂಡಳು. ಡ್ರೈವರ್ ಒಬ್ಬ ಅವಳಿಗೋಸ್ಕರ ಹಾಡು ನಿಲ್ಲಿಸಿದ.

ವಾಪಸ್ ಬರುವಾಗ ಆಫೀಸಿನ ವರಾಂಡದಲ್ಲಿ ಗೋಡೆ ತುಂಬ ಹಳೆಯ ಫೋಟೋ, ಸರ್ಟಿಫಿಕೇಟು. ನಡುವೆ ಗಾಜಿನ ಚೌಕಟ್ಟಿನಲ್ಲಿ ಒಂದು ಕೈಬರಹದ ಹಾಳೆ. ಇಂಗ್ಲಿಷ್. "14-11-1974. ನಲವತ್ತಾರು ಮಕ್ಕಳು ಹಾಜರು. ಎಲ್ಲರೂ ಆರೋಗ್ಯವಾಗಿದ್ದಾರೆ. ಸ್ವಚ್ಛತೆ ಮಾದರಿಯಾಗಿದೆ." ಕೆಳಗೆ ಸರ್ಕಾರಿ ಸಹಿ, ಮೊಹರು.

ಆ ದಿನದ್ದೇ ಹಾಳೆ. ಆಫೀಸರ್ ಹೊಗಳಿದ್ದಾನೆ ಅಂತ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ.

ದೊಡ್ಡಮ್ಮನಿಗೆ ಓದಿ ಹೇಳಿದೆ. ಅವಳು ಬೆರಳು ಮಡಿಸಿ ಎಣಿಸಿದಳು. "ಪ್ರೇಮನ್ನೂ ಸೇರ್ಸಿ ನಲವತ್ತಾರು. ಆವತ್ತು ಸಾಲ್ನಾಗೆ ನಿಂತಿದ್ದು ನಲವತ್ತೈದೇ ಕನ. ಎಣಿಸ್ಲೇ ಇಲ್ಲ ಅವ್ನು." ಫೋಟೋ ತೆಗೆದೆ. ಸೆಕ್ಯುರಿಟಿ ಬಂದು ಬೇಡ ಅಂದ, ಅಷ್ಟರಲ್ಲಿ ಎರಡು ಬಂದಿದ್ದವು. ಖುಷಿಯಾಯಿತು. ನಾಚಿಕೆ ಇಲ್ಲದೆ ಖುಷಿಯಾಯಿತು. ಸಾಕ್ಷಿ ಸಿಕ್ಕಿತು ಅಂದುಕೊಂಡೆ.

ಮಾರ್ಚ್ 1, ಶನಿವಾರ

ಸಮಿತಿಯಿಂದ ಪತ್ರ. ವಿಚಾರಣೆಗೆ ಕರೆಯುತ್ತಾರಂತೆ. ಅದಕ್ಕೆ ಮೊದಲು ಒಂದು ಪ್ರಶ್ನೆ: ಈ ಘಟನೆಯ ಬಗ್ಗೆ ಅಂದಿನಿಂದ ಇಂದಿನವರೆಗೆ ಯಾವುದೇ ಅಧಿಕಾರಿಗೆ, ಸಂಸ್ಥೆಗೆ ಅಥವಾ ಧರ್ಮಾಧಿಕಾರಿಗೆ ದೂರು ಕೊಟ್ಟಿದ್ದೀರಾ? ವಿವರ ಕೊಡಿ.

ಇಲ್ಲ ಅಂತ ಟೈಪ್ ಮಾಡುತ್ತಿದ್ದೆ. ದೊಡ್ಡಮ್ಮ, "ಇಲ್ಲ ಅಂತ ಯಾಕ್ ಬರೀತೀಯೇ? ಯೋಳಿವ್ನಲ್ಲ" ಅಂದಳು.

"ಯಾರಿಗೆ?"

"ಸ್ವಾಮಿಗಳಿಗೆ. ವರ್ಸಾ ವರ್ಸಾ ಯೋಳಿವ್ನಿ. ಎಪ್ಪತ್ತೈದನೇ ಇಸ್ವಿಯಿಂದ. ಕೊರೋನಾ ವರ್ಸ ಒಂದು ತಪ್ತು. ನಲವತ್ತೊಂಬತ್ತು ಸಲ."

ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಪಾಪನಿವೇದನೆಯಲ್ಲಿ. ಪ್ರತಿ ತಪಸ್ಸುಕಾಲದಲ್ಲೂ, ಈಸ್ಟರ್‌ಗೆ ಮೊದಲು, ಜಾಲರಿಯ ಹಿಂದೆ ಕೂತ ಸ್ವಾಮಿಗಳ ಕಿವಿಯಲ್ಲಿ. ಮಗುವನ್ನು ಕೂಡಿಹಾಕಿದೆ, ಬೆಕ್ಕು ಅಂತ ಸುಳ್ಳಿಗೆ ತಲೆ ಆಡಿಸಿದೆ - ಅಂತ. ಮೊದಲನೇ ಸಲ ಬೋರ್ಡಿಂಗಿನ ಸ್ವಾಮಿಗಳಿಗೇ. ಅವರು, "ಇದನ್ನು ಇಲ್ಲಿ ಬಿಟ್ಟು ಹೊರಗೆ ಯಾರಿಗೂ ಹೇಳಬೇಡ, ಹೇಳಿದರೆ ಸಿಸ್ಟರಿಗೆ ಕೆಟ್ಟ ಹೆಸರು ತಂದ ಪಾಪ ಬರುತ್ತದೆ" ಅಂದರಂತೆ. ಅದಕ್ಕೇ ಅವಳು ಹೊರಗೆ ಹೇಳಲಿಲ್ಲ. ಒಳಗೆ ಹೇಳುತ್ತಲೇ ಬಂದಳು. ಧರ್ಮಸಭೆಗೆ ಹೇಳಿದ ಹಾಗಾಯಿತು ಅಂತ ನಂಬಿಕೊಂಡು. ಹನ್ನೆರಡೋ ಹದಿಮೂರೋ ಪಾದ್ರಿಗಳಿಗೆ ಈ ವಿಷಯ ಗೊತ್ತು.

ಸುಮಯ್ಯಾ ಹಾರಿಬಿದ್ದಳು. "ಹಾಗಾದ್ರೆ ಅವ್ರನ್ನೇ ಕರೀಲಿಕ್ಕಾಗುದಿಲ್ವಾ ಮಾರಾಯ್ತಿ? ಹದಿಮೂರು ಸಾಕ್ಷಿ ಉಂಟಲ್ಲ!"

ಆಗುವುದಿಲ್ಲ ಅಂತ ವಿವರಿಸಿದೆ. ಅಲ್ಲಿ ಕೇಳಿದ್ದನ್ನು ಪಾದ್ರಿ ಪ್ರಾಣ ಹೋದರೂ ಹೇಳುವ ಹಾಗಿಲ್ಲ. ಕೇಳಿದ್ದೇನೆ ಅಂತಲೂ ಹೇಳುವ ಹಾಗಿಲ್ಲ.

"ಇದೆಂತ ಕಥೆ..." ಅಂದಳು.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ದಿನವೂ ಬಗ್, ಅಂದರೆ ತಪ್ಪು, ಹುಡುಕಿ ಸಿಸ್ಟಮ್‌ನಲ್ಲಿ ಹಾಕುವುದು, ಒಂದೊಂದಕ್ಕೂ ಒಂದು ಟಿಕೆಟ್ ನಂಬರ್. ಸಿಸ್ಟಮ್‌ನಲ್ಲಿ ಇಲ್ಲದ ಬಗ್ ಇಲ್ಲವೇ ಇಲ್ಲ. ಬಾಯಲ್ಲಿ ಹೇಳಿದೆ, ಕ್ಯಾಂಟೀನಿನಲ್ಲಿ ಹೇಳಿದೆ ಅಂದರೆ ಡೆವಲಪರ್ ನಗುತ್ತಾನೆ. ಐವತ್ತು ವರ್ಷ ಇವಳು ಟಿಕೆಟ್ ನಂಬರ್ ಬಾರದ ಕಡೆ ದೂರು ಹಾಕುತ್ತಾ ಬಂದಿದ್ದಾಳೆ.

ಆದರೂ ಬರೆದೆ. "ಹೌದು. 49 ಸಲ. ಪಾಪನಿವೇದನೆಯಲ್ಲಿ."

ಮಾರ್ಚ್ 9, ಭಾನುವಾರ. ಸಂಜೆ

ವೈಟ್ಟಿಲ ಹಬ್‌ನಿಂದ ಬಸ್ಸು ಹಿಡಿದು ಆಲುವ ಕಡೆ ಹೋದೆವು. ವಯಸ್ಸಾದ ಪಾದ್ರಿಗಳು ಇರುವ ಮನೆ. ಫಾದರ್ ವಿನ್ಸೆಂಟ್‌ಗೆ ಎಂಬತ್ತೊಂಬತ್ತು. ಇಲ್ಲಿಯವರೇ, ಆದರೆ ಮೂವತ್ತು ವರ್ಷ ನಮ್ಮ ಮೈಸೂರಿನ ಕಡೆ ಇದ್ದವರು, ನನಗೆ ಜ್ಞಾನಸ್ನಾನ ಕೊಟ್ಟವರು. ಕೈ ನಡುಗುತ್ತದೆ. ಕನ್ನಡ ಹಾಗೇ ಇದೆ. ನಲವತ್ತೊಂಬತ್ತು ಸಲದಲ್ಲಿ ಇವರೊಬ್ಬರೇ ಜಾಲರಿಯ ಆಚೆ ಅತ್ತವರು ಅಂತ ದೊಡ್ಡಮ್ಮ ಹೇಳಿದ್ದಳು. "ಇದು ನಿನ್ನ ಪಾಪ ಅಲ್ಲ ಲೂರ್ದಮ್ಮ" ಅಂದವರೂ ಇವರೊಬ್ಬರೇ. ಮಿಕ್ಕವರು ಪ್ರಾಯಶ್ಚಿತ್ತಕ್ಕೆ ಮೂರು ನಮೋಮರಿಯ ಜಪ, ಐದು ನಮೋಮರಿಯ ಜಪ ಹೇಳು ಅಂದು ಕಳಿಸಿದರು.

ನೇರವಾಗಿ ಕೇಳಿದೆ. ಸಮಿತಿಗೆ ಬಂದು ಹೇಳುತ್ತೀರಾ ಅಂತ.

"ಜೀವಿತಾ, ನಾನು ಏನೋ ಕೇಳಿದ್ದೀನಿ ಅಂತಾಗ್ಲಿ, ಕೇಳಿಲ್ಲ ಅಂತಾಗ್ಲಿ, ಹೇಳೋ ಹಾಗಿಲ್ಲಮ್ಮ."

"ದೊಡ್ಡಮ್ಮನೇ ಹೇಳಿ ಅಂದರೆ?"

"ಆಗ್ಲೂ ಇಲ್ಲ."

ಸಿಟ್ಟು ಬಂತು. ಮಗು ಸತ್ತಿದೆ ಫಾದರ್ ಅಂದೆ. ಅವರು ತಲೆ ತಗ್ಗಿಸಿ ಕೂತರು. ಆಮೇಲೆ ಕಣ್ಣರಳಿಸಿ, "ಒಂದು ಕೆಲಸ ಮಾಡೋಣ" ಅಂದರು. "ಲೂರ್ದಮ್ಮ, ಈ ಕುರ್ಚಿ ಮೇಲೆ ಕೂತ್ಕೊಳಿ. ಪಾಪನಿವೇದನೆ ಅಲ್ಲ. ನಾವು ಮನೇಲಿ ಮಾತಾಡೋ ಹಾಗೆ. ಏನಾಯ್ತು ಅಂತ ಈಗ ಹೇಳಿ. ಇವತ್ತು, ಇಲ್ಲಿ ಕೇಳಿದ್ದನ್ನ ನಾನು ಯಾವ ಕೋರ್ಟಿಗೆ ಬೇಕಾದ್ರೂ ಬಂದು ಹೇಳ್ತೀನಿ."

ಎಷ್ಟು ಸುಲಭ! ನಾನು ಫೋನ್ ತೆಗೆದು ರೆಕಾರ್ಡಿಂಗ್ ಒತ್ತಿದೆ. ದೊಡ್ಡಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಸೆರಗು ತಲೆಗೆ ಎಳೆದುಕೊಂಡಳು. "ಯೋಳಿ ಯೋಳಿ..." ಅಂತ ತನಗೆ ತಾನೇ ಅಂದುಕೊಂಡಳು. ಮಾತು ಬರಲಿಲ್ಲ.

ಆಮೇಲೆ ಆ ಹಾಳು ಮೊಣಕಾಲನ್ನು ಮೆಲ್ಲಗೆ ಮಡಿಸಿ, ಕುರ್ಚಿ ಹಿಡಿದುಕೊಂಡು, ನೆಲಕ್ಕಿಳಿದಳು. ಮಂಡಿಯೂರಿದಳು. ಶಿಲುಬೆ ಗುರುತು. "ಸ್ವಾಮಿ, ನನ್ನ ಆಸೀರ್ವದಿಸಿ. ನಾನು ಪಾಪ ಮಾಡಿವ್ನಿ..."

"ದೊಡ್ಡಮ್ಮಾ, ಏಳು! ಹಾಗಲ್ಲ!" ಅಂತ ಕಿರುಚಿದೆ. ಅವಳಿಗೆ ಕೇಳಿಸಲಿಲ್ಲ. ಅವಳು ಆಗಲೇ ಶುರು ಮಾಡಿದ್ದಳು. ಫಾದರ್ ಕಣ್ಣು ಮುಚ್ಚಿದರು. ನನಗೆ ಹೊರಗೆ ಹೋಗು ಅಂತ ಕೈಸನ್ನೆ ಮಾಡಿದರು. ಆ ನಡುಗುವ ಕೈಯನ್ನೇ ಅವಳ ತಲೆಯ ಮೇಲೆ ಎತ್ತಿದರು. ಅವಳು ಕೇಳಿಕೊಂಡಳು, ಇವರು ಪಾದ್ರಿ. ಇಲ್ಲ ಅನ್ನುವ ಹಾಗಿಲ್ಲ.

ನಾನು ರೆಕಾರ್ಡಿಂಗ್ ಅಳಿಸಿ ವರಾಂಡಕ್ಕೆ ಬಂದೆ. ಅಳಿಸಬಾರದಿತ್ತೇನೋ. ಇನ್ನೊಬ್ಬರ ಪಾಪನಿವೇದನೆ ಕೇಳಬಾರದು ಅಂತ ಏಳನೇ ವಯಸ್ಸಿನಲ್ಲಿ ಕಲಿಸಿದ್ದು ಕೈಗೇ ಗೊತ್ತಿತ್ತು. ಚರ್ಚ್ ಬಿಟ್ಟು ಎಷ್ಟೋ ವರ್ಷವಾಯಿತು ಅಂತ ಜಂಬ ಬೇರೆ.

ಬಸ್ಸಿನಲ್ಲಿ ದೊಡ್ಡಮ್ಮ ಹೇಳಿದಳು: "ಕುರ್ಚಿ ಮ್ಯಾಲೆ ಕುಂತ್ಕಂಡು ಎಂಗ್ ಯೋಳ್ಲಿ ಮಗ? ಆ ಮಾತು ಬರಾದೇ ಮಂಡಿ ಊರುದ್ರೆ."

ಐವತ್ತನೇ ಸಲ.

ಮಾರ್ಚ್ 10, ಸೋಮವಾರ

ಆಫೀಸಿನ ಬೆಳಗಿನ ಸ್ಟ್ಯಾಂಡಪ್ ಕಾಲ್‌ನಲ್ಲಿ ನನ್ನ ಹೆಸರು ಮೂರು ಸಲ ಕರೆದರಂತೆ. ಮ್ಯೂಟ್‌ನಲ್ಲಿದ್ದೆ ಅಂದೆ.

ಜೂನ್ 24, ಮಂಗಳವಾರ. ತಿರುವನಂತಪುರ, ಸ್ಟೇಷನ್ ಬೆಂಚು

ವಿಚಾರಣೆ ಮುಗಿಯಿತು. ನಲವತ್ತು ನಿಮಿಷ.

ಹಳೆಯ ಕಟ್ಟಡದ ಎರಡನೇ ಮಹಡಿ. ಲಿಫ್ಟ್ ಇಲ್ಲ. ದೊಡ್ಡಮ್ಮ ಪ್ರತಿ ಮೆಟ್ಟಿಲಿಗೂ ಒಂದು ನಮೋಮರಿಯ ಹೇಳುತ್ತಾ ಹತ್ತಿದಳು. ಸಂಬಂಧಿಕರು ಅನುವಾದ ಮಾಡುವ ಹಾಗಿಲ್ಲ, ಹಾಗಾಗಿ ಸುಮಯ್ಯಾ ರಜೆ ಹಾಕಿ ಬಂದಿದ್ದಳು. ಅಧ್ಯಕ್ಷರು ನಿವೃತ್ತ ಜಡ್ಜು. ಒಳ್ಳೆಯ ಮನುಷ್ಯ, ಫ್ಯಾನ್ ಜೋರು ಮಾಡಿಸಿದರು.

ಆಮೇಲೆ ಬಾಗಿಲಲ್ಲಿ ವೀಲ್‌ಚೇರ್, ಇಬ್ಬರು ಮೆಟ್ಟಿಲ ಮೇಲೆ ಎತ್ತಿಕೊಂಡು ತಂದದ್ದು. ಫಾದರ್ ವಿನ್ಸೆಂಟ್. ಯಾರೂ ಕರೆದಿರಲಿಲ್ಲ. ಆಲುವದಿಂದ ಐದು ಗಂಟೆ ವ್ಯಾನಿನಲ್ಲಿ ಬಂದಿದ್ದಾರೆ. ಯಾಕೆ ಬಂದಿರಿ ಅಂದರೆ, "ಸುಮ್ನೆ ಪಕ್ಕದಲ್ಲಿ ಕೂತಿರ್ತೀನಿ" ಅಂದರು.

ಮಠದ ಲಾಯರ್ ರಿಜಿಸ್ಟರಿನ ನಕಲು ಕೊಟ್ಟರು. 18-11-1974. ಪ್ರೇಮ, 7 ವರ್ಷ, ಸಂಬಂಧಿಕರೊಂದಿಗೆ ಕಳುಹಿಸಲಾಗಿದೆ. ಯಾವ ಸಂಬಂಧಿಕರು? ಹೆಸರಿಲ್ಲ. ದೊಡ್ಡ ಸಿಸ್ಟರ್ ತೀರಿಹೋಗಿ ಮೂವತ್ತು ವರ್ಷ. ಸರ್ಕಾರದ ಲಾಯರ್ ಫೈಲು ನಾಶವಾದದ್ದರ ಫೈಲು ಕೊಟ್ಟರು. ಆಫೀಸರೂ ಈಗ ಬದುಕಿಲ್ಲ. ನಾನು ತೆಗೆದ ಚೌಕಟ್ಟಿನ ಫೋಟೋವನ್ನು ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. "ಅಂದರೆ ಆ ದಿನ ನಲವತ್ತಾರು ಮಕ್ಕಳೂ ಆರೋಗ್ಯವಾಗಿದ್ದರು ಅಂತ ಸರ್ಕಾರಿ ದಾಖಲೆ ಇದೆ" ಅಂದರು. ನನ್ನ ಸಾಕ್ಷಿ. ನಾನೇ ಕದ್ದು ತಂದು ಕೊಟ್ಟದ್ದು.

ಆಮೇಲೆ ಆ ಪ್ರಶ್ನೆ. ಯಾರಿಗೆ ಹೇಳಿದಿರಿ?

ದೊಡ್ಡಮ್ಮ ಹೇಳಿದಳು, ಸುಮಯ್ಯಾ ಅನುವಾದಿಸಿದಳು. ಅಧ್ಯಕ್ಷರು ಪೆನ್ನು ಕೆಳಗಿಟ್ಟರು.

ಮಠದ ಲಾಯರ್ ಎದ್ದು ನಿಂತರು. ಮೆತ್ತನೆಯ ದನಿ. "ಪಾಪನಿವೇದನೆಯಲ್ಲಿ ಹೇಳಿದ್ದರ ಬಗ್ಗೆ ನಾವು ಹೌದು ಅನ್ನುವಂತಿಲ್ಲ, ಅಲ್ಲ ಅನ್ನುವಂತಿಲ್ಲ. ಆದರೆ ಒಂದು ಮಾತು ದಾಖಲಾಗಲಿ. ಅರ್ಜಿದಾರರು ಹೇಳುವ ಪ್ರಕಾರವೇ, ಅವರು ಹೇಳಿದ್ದು ದೂರು ಅಂತ ಅಲ್ಲ. ತಮ್ಮ ಪಾಪ ಅಂತ."

ಸುಮಯ್ಯಾ ಅದನ್ನು ಕನ್ನಡದಲ್ಲಿ ಹೇಳಲಿಲ್ಲ. ನನ್ನ ಮುಖ ನೋಡಿದಳು. ದೊಡ್ಡಮ್ಮನಿಗೆ ಮಲಯಾಳಂ ಅರ್ಥವಾಗುತ್ತದೆ ಅನ್ನುವುದು ಇಬ್ಬರಿಗೂ ಮರೆತೇಹೋಗಿತ್ತು. ಅವಳು ತಲೆ ಆಡಿಸಿದಳು. ಹೌದು ಅಂತ.

ಕೊನೆಗೆ ಅಧ್ಯಕ್ಷರು ಫಾದರ್ ಕಡೆ ತಿರುಗಿದರು. ಇವರು ನಿಮಗೆ ಗೊತ್ತೇ? ಗೊತ್ತು. ಈ ವಿಷಯ ನಿಮಗೆ ಎಂದಾದರೂ ಹೇಳಿದ್ದರೇ?

ಫಾದರ್ ಏನೂ ಹೇಳಲಿಲ್ಲ. ಅಧ್ಯಕ್ಷರ ಮುಖವನ್ನೇ ನೋಡಿದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆ ಕೋಣೆಯಲ್ಲಿದ್ದ ಒಬ್ಬೊಬ್ಬರಿಗೂ ಗೊತ್ತಾಯಿತು. ನನಗೆ ಗೊತ್ತು, ಅವರಿಗೆಲ್ಲ ಗೊತ್ತಾಯಿತು.

ಅಧ್ಯಕ್ಷರು ಟೈಪಿಸ್ಟ್‌ಗೆ ಹೇಳಿದರು - ಸಾಕ್ಷಿ ಏನೂ ಹೇಳಲಿಲ್ಲ.

ಕೆಳಗೆ ಬಂದಾಗ ಇಬ್ಬರೂ ಲಾಯರ್‌ಗಳು ಒಂದೇ ಅಂಗಡಿಯಲ್ಲಿ ಪಳಂಪೊರಿ, ಬಾಳೆಹಣ್ಣಿನ ಬಜ್ಜಿ, ತಿನ್ನುತ್ತಿದ್ದರು. ದೊಡ್ಡಮ್ಮನನ್ನು ನೋಡಿ ಎದ್ದು ನಿಂತು ಜಾಗ ಬಿಟ್ಟುಕೊಟ್ಟರು. ಎಲ್ಲರಿಗೂ ಎಷ್ಟು ಮರ್ಯಾದೆ!

ಜುಲೈ 6, ಭಾನುವಾರ

ದೊಡ್ಡಮ್ಮನನ್ನು ಮೈಸೂರು ಬಸ್ ಹತ್ತಿಸಿದೆ. ವರದಿ ಬಂದಾಗ ಫೋನ್ ಮಾಡು, ಬರ್ತೀನಿ ಅಂದಳು. ಪುಟ್ಟು ಮಾಡುವ ಪಾತ್ರೆ ಒಂದು ಕೊಂಡು ಹೋದಳು. ಮನೆ ಖಾಲಿ ಅನ್ನಿಸುತ್ತಿದೆ. ಅನ್ನವನ್ನು ಬಯ್ಯುವವರಿಲ್ಲ.

ಸೆಪ್ಟೆಂಬರ್ 3, ಬುಧವಾರ

ಫಾದರ್ ವಿನ್ಸೆಂಟ್ ಹೋದರು. ನಿದ್ದೆಯಲ್ಲೇ ಅಂತೆ. ದೊಡ್ಡಮ್ಮನಿಗೆ ಹೇಳಿದೆ. "ಇನ್ನು ನೀನೊಬ್ಳೇ ಕನ ಮಗ" ಅಂದಳು.

ಫೆಬ್ರವರಿ 17, 2026, ಮಂಗಳವಾರ. ಸಂಜೆ 6

ಇಷ್ಟು ತಿಂಗಳು ಏನೂ ಬರೆದಿಲ್ಲ. ಬರೆಯಲು ಇರಲಿಲ್ಲ. ಸಮಿತಿಗೆ ಎರಡು ಸಲ ಅವಧಿ ವಿಸ್ತರಣೆಯಾಯಿತು, ನನಗೆ ಒಂದು ಪ್ರಮೋಷನ್.

ವರದಿ ಬಂತು. 318 ಪುಟ. ಅರ್ಜಿದಾರರಿಗೆ ಸಂಬಂಧಪಟ್ಟ ಪುಟಗಳನ್ನು ಮೊಹರು ಹಾಕಿ ಪೋಸ್ಟ್‌ನಲ್ಲೂ ಕಳಿಸಿದ್ದಾರೆ. ನಮ್ಮದು ಪುಟ 212. ಹನ್ನೊಂದು ಸಾಲು. ದೊಡ್ಡಮ್ಮ ಮೊನ್ನೆಯೇ ಬಂದಿದ್ದಾಳೆ, ಈಗ ಕೆಳಗೆ ವಾಚ್‌ಮನ್ ಹೆಂಡತಿಯ ಜೊತೆ ಹರಟುತ್ತಿದ್ದಾಳೆ. ನಾನೊಬ್ಬಳೇ ಓದಿದೆ.

ಪ್ರೇಮ ಎಂಬ ಬಾಲಕಿ ಸಂಸ್ಥೆಯಲ್ಲಿ ಮೃತಪಟ್ಟಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಸಂಸ್ಥೆಯ ಅಥವಾ ಇಲಾಖೆಯ ಹೊಣೆಯನ್ನು ನಿರ್ಧರಿಸಲು ದಾಖಲೆಗಳು ಲಭ್ಯವಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದು ಸಹನಿವಾಸಿಯಾಗಿದ್ದ ಅರ್ಜಿದಾರಳು ಎಂಬುದು ಆಕೆಯ ಸ್ವಂತ ಹೇಳಿಕೆಯಿಂದಲೇ ದೃಢಪಟ್ಟಿದೆ. ಆಕೆ ಆಗ ಅಪ್ರಾಪ್ತಳಾಗಿದ್ದರಿಂದ ಕ್ರಮಕ್ಕೆ ಶಿಫಾರಸು ಇಲ್ಲ. ಮುಂದೆ ಬಂದು ಹೇಳಿದ ಆಕೆಯ ಧೈರ್ಯವನ್ನು ಸಮಿತಿ ಮೆಚ್ಚುತ್ತದೆ.

ಮೂರು ಸಲ ಓದಿದೆ. ಬೀಗ ಹಾಕು ಅಂದವರು ಯಾರು ಅಂತ ಇಲ್ಲ. ಆಫೀಸರ್ ಇಲ್ಲ. ಬೆಕ್ಕು ಇಲ್ಲ. ಇಡೀ ಪುಟದಲ್ಲಿ ತಪ್ಪು ಮಾಡಿದವಳು ಒಬ್ಬಳೇ. ಅವಳಿಗೆ ಕ್ಷಮೆ ಕೊಟ್ಟಿದ್ದಾರೆ.

ಲಿಫ್ಟ್ ಸದ್ದು. ಬಂದಳು.

ಫೆಬ್ರವರಿ 18, ಬೂದಿ ಬುಧವಾರ, ತಪಸ್ಸುಕಾಲದ ಮೊದಲ ದಿನ. ಬೆಳಿಗ್ಗೆ 7

ನಿನ್ನೆ ತಲೆನೋವು ಅಂದು ತಪ್ಪಿಸಿಕೊಂಡೆ. ಬೆಳಿಗ್ಗೆ ಚರ್ಚಿಗೆ ಹೊರಟು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು ಕೇಳಿದಳು. "ಏನ್ ಬರ್ದವ್ರೆ? ಪ್ರೇಮ ಹೆಸ್ರು ಅದಾ?"

"ಇದೆ."

"ಸತ್ತೋದ್ಲು ಅಂತ?"

"ಹೂಂ. ಬರೆದಿದ್ದಾರೆ."

"ಬೀಗ?"

ಅವಳ ಮುಖ ನೋಡಬಾರದಿತ್ತು. ನೋಡಿದೆ. "ನಿನ್ನ ತಪ್ಪಲ್ಲ ಅಂತ ಬರೆದಿದ್ದಾರೆ ದೊಡ್ಡಮ್ಮ. ಸಿಸ್ಟರ್ ಹೇಳಿದ್ದು, ಆಫೀಸರ್ ನೋಡದೆ ಸಹಿ ಹಾಕಿದ್ದು, ಎಲ್ಲ."

ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತುಬಿಟ್ಟಳು. ಬಾಯಿಗೆ ಸೆರಗು. ಆಮೇಲೆ ಎದ್ದು, ನನ್ನ ಕೈ ಬೇಡ ಅಂತ, ಗೋಡೆ ಹಿಡಿದುಕೊಂಡು ತಾನೇ ಹೋದಳು.

9.30

ಬಂದಳು. ಹಣೆಯಲ್ಲಿ ಬೂದಿ. ನಗು. "ಇವತ್ತು ಅದ್ನ ಯೋಳ್ಲಿಲ್ಲ ಕನ ಮಗ. ಮಂಡಿ ಊರಿದ್ಮ್ಯಾಲೆ ಏನ್ ಯೋಳ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ. ವಸಿ ವೊತ್ತು ಸುಮ್ಕೆ ಇದ್ದು, ನಿನ್ ಅನ್ನಕ್ಕೆ ಬಯ್ದಿದ್ದು ಯೋಳ್ಬಂದೆ."

ಹೀಗೆ ನಕ್ಕಿದ್ದನ್ನು ನಾನು ನೋಡಿಯೇ ಇಲ್ಲ. ನನ್ನ ಸುಳ್ಳು ಸರಿ ಅನ್ನಿಸಿತು. ಯಾರೂ ಕೊಡದ್ದನ್ನು ನಾನು ಕೊಟ್ಟೆ ಅನ್ನಿಸಿತು. ಒಂದು ಗಂಟೆ ಹಾಗೇ ಇದ್ದೆ.

11.15

ಅಂಗಡಿಗೆ ಹೋಗಿ ಗೆರೆ ಹಾಳೆ, ಪೆನ್ನು, ದೊಡ್ಡ ಕವರು ತಂದಿದ್ದಾಳೆ. "ಜಯಣ್ಣಂಗೆ ಕನ್ನಡದಾಗೆ ಬರ್ಕೊಡು. ಆ ಹಾಳೇಲಿ ಏನದೋ ಅದೇ, ಒಂದಕ್ಸರ ಬುಡ್ದಂಗೆ. ಮೊಹರಿರೋ ಹಾಳೆನೂ ಜೊತ್ಗೆ ಮಡಗು. ಅವ್ನ ಮಗ್ಳು ಇಂಗ್ಲಿಸ್ ಟೀಚರು, ತಾಳೆ ನೋಡ್ಕತಾಳೆ."

ಮೊಹರಿನ ಹಾಳೆ ಬೇಡ ಅಂದೆ. ಯಾಕೆ ಅಂದಳು. ನಾಳೆ ಬರೀತೀನಿ ಅಂದೆ. "ಐವತ್ತೊಂದು ವರ್ಸ ಆಯ್ತು, ಇವತ್ತೇ ಬರಿ" ಅಂದಳು.

ಮೊದಲು ರಫ್ ಬರೆಯುತ್ತೇನೆ ಅಂತ ಈ ಪುಸ್ತಕ ತೆಗೆದಿದ್ದೇನೆ. ಎದುರಿಗೆ ಕೂತಿದ್ದಾಳೆ, ಕೈಯಲ್ಲಿ ಜಪಸರ. ಮಣಿ ಎಣಿಸುತ್ತಿಲ್ಲ, ನನ್ನ ಕೈ ನೋಡುತ್ತಿದ್ದಾಳೆ. ಕನ್ನಡ ಅವಳಿಗೆ ಓದಲು ಬರುತ್ತದೆ, ನಿಧಾನಕ್ಕೆ, ಬೆರಳಿಟ್ಟುಕೊಂಡು. ಬರೆಯದೆ ಸುಮ್ಮನೆ ಕೂತರೆ ಕೇಳುತ್ತಾಳೆ. ಏನಾದರೂ ಬರೆಯುತ್ತಿರಬೇಕು. ಸುಮಯ್ಯಾ ಆಫೀಸಿಗೆ ಹೋಗಿದ್ದಾಳೆ. ಫಾದರ್ ಇಲ್ಲ. ನನಗೆ ಏನು ಮಾಡಬೇಕೋ ಗೊತ್ತಾಗುತ್ತಿಲ್ಲ.

ಪ್ರೀತಿಯ ಜಯಣ್ಣನವರಿಗೆ,

ಲೂರ್ದಮ್ಮನ ಮಗಳು ಜೀವಿತಾ ಮಾಡುವ ನಮಸ್ಕಾರಗಳು. ನಿಮ್ಮ ಅಕ್ಕ ಪ್ರೇಮ ಉತ್ತರದ ಮಠಕ್ಕೆ ಹೋಗಲಿಲ್ಲ. 1974ರ ನವೆಂಬರ್‌ನಲ್ಲಿ, ತಿರುವನಂತಪುರದ ಬೋರ್ಡಿಂಗಿನಲ್ಲಿ, ಜ್ವರ ಬಂದಿದ್ದಾಗ, ಒಂದು ಕೋಣೆಯಲ್ಲಿ ತೀರಿಕೊಂಡರು. ಸರ್ಕಾರದ ಸಮಿತಿ ಕೊಟ್ಟ ವರದಿಯ 212ನೇ ಪುಟ ಇದರ ಜೊತೆಗಿದೆ. ಅದರಲ್ಲಿ ಹೀಗಿದೆ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದವರು